ಕೆಂಪು ಹಚ್ಚಿದ ತೋಟಾ

ಖಾಲಿ ತೋಟಾ ಅರ್ಧದಲ್ಲೇ ನಿಂತಿತು. ಅರ್ವಿದ್ ಕೆತ್ತುಲ ಕೋವಿಯ ಚಿಲಕವನ್ನು ಹಿಂದಕ್ಕೆಳೆದು, ಹಿತ್ತಾಳೆಯ ಚಿಪ್ಪನ್ನು ಹೊರತೆಗೆದು, ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಒಳಕ್ಕೆ ತಳ್ಳಿದ. ಮತ್ತೆ ಅಲ್ಲೇ ನಿಂತಿತು. ನೆಲಮಾಳಿಗೆಯ ಬಲ್ಬಿನ ಕೆಳಗೆ ಅವನಿಗೆ ತನ್ನ ಬೆರಳುಗಳ ಮೇಲೇ ಅನುಮಾನ ಬಂತು. ಅವನದು ಹಾಳು ಅಚ್ಚುಕಟ್ಟು. ಖಾಲಿ ಚಿಪ್ಪುಗಳನ್ನು ಮತ್ತೆ ತುಂಬಲು ಅಚ್ಚಿಗೆ ಕೊಡುವ ಮೊದಲು ಒಂದೊಂದನ್ನೂ ಕೋವಿಯೊಳಗೆ ಹಾಕಿ ನೋಡದೆ ಮುಂದಿನ ಕೆಲಸವಿಲ್ಲ. ತನ್ನದೇ ಕೋವಿಯಲ್ಲಿ ಒಮ್ಮೆ ಸಿಡಿದ ಚಿಪ್ಪು ಆ ಕೋವಿಯ ಹೊಟ್ಟೆಯ ಅಳತೆಗೇ ಉಬ್ಬಿರುತ್ತದೆ. ಅದರ ಕತ್ತನ್ನು ಮಾತ್ರ ಬಿಗಿದು, ಮದ್ದಿಗೆ ಕಿಡಿ ಕೊಡುವ ಹೊಸ ಕೇಪು, ಮದ್ದು, ಗುಂಡು ಕೂರಿಸಿದರೆ ಸಾಕು, ಚಪ್ಪಲಿಗೆ ಕಾಲು ಹೋದಂತೆ ಹೋಗಿ ಕೂರುತ್ತದೆ. ಬೇಟೆ ಕ್ಯಾಂಪಿನ ಉಳಿದವರದೆಲ್ಲ ಲಿವರಿನಂಥ ಸನ್ನೆ ಎಳೆದು ತೋಟಾ ಏರಿಸುವ ಹಳೇ ಕೋವಿಗಳು, ಬಾಯಿ ಸಡಿಲ, ಬಿಗಿಯಾದದ್ದನ್ನು ಒಳಗೆ ದಬ್ಬುವ ಕಸುವು ಅವಕ್ಕಿಲ್ಲ. ಅವರ ಚಿಪ್ಪುಗಳನ್ನು ತಲೆಯಿಂದ ಬುಡದವರೆಗೆ ಅಚ್ಚಿನಲ್ಲಿ ಹಿಂಡಬೇಕು. ಎಲ್ಲರದೂ ಒಂದೇ ಅಳತೆಯ ತೋಟಾ, ಮೂವತ್ತು-ಮೂವತ್ತು. ಆದರೂ ಅವರ ಸಡಿಲ ಕೋವಿಯಲ್ಲಿ ಸಿಡಿದು ಉಬ್ಬಿದ ಚಿಪ್ಪು ಇವನ ಕೋವಿಯೊಳಗೆ ಹೋಗುವುದಿಲ್ಲ. ಇದನ್ನು ಎಷ್ಟು ವರ್ಷ ಹೇಳಿದರೂ ಆ ಕ್ಯಾಂಪಿನ ಗಂಡಸರಿಗೆ ಅರ್ಥವಾಗಿರಲಿಲ್ಲ, ಅಥವಾ ಅರ್ಥವಾಗದವರಂತೆ ನಟಿಸುತ್ತಿದ್ದರು.

ಅವನು ಚಿಪ್ಪನ್ನು ತಿರುಗಿಸಿ ಬುಡ ನೋಡಿದ. ಕೆಂಪು ಇತ್ತು. ಹೆಂಡತಿ ಸೈಮಾಳ ಉಗುರಿನ ಬಣ್ಣ. ತನ್ನ ತೋಟಾಗಳಿಗೆಲ್ಲ ಅವನು ಬುಡದಲ್ಲಿ ಒಂದು ಗೀರು ಕೆಂಪು ಹಚ್ಚುತ್ತಾನೆ, ಏಕೆಂದರೆ ಅವುಗಳ ಗುಂಡಿನ ಮೂತಿ ಚೂಪು. ಸನ್ನೆ ಕೋವಿಯಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಬೆನ್ನಿಗೆ ಇನ್ನೊಂದರ ಮೂತಿ ತಾಗಿಕೊಂಡು ಮಲಗುತ್ತವೆ. ಚೂಪು ಮೂತಿಯದನ್ನು ಅಲ್ಲಿ ತುಂಬಿದರೆ ಒಂದು ಕುಲುಕಿಗೆ ಮುಂದಿನದರ ಕೇಪು ಸಿಡಿದು ಎಡಗೈ ಹಾರಿಹೋಗಬಹುದು. ಅದಕ್ಕೇ ಸನ್ನೆಯವರಿಗೆಲ್ಲ ಮೊಂಡು ಮೂತಿ, ಬಣ್ಣವಿಲ್ಲದ ಬುಡ. ಕೆಂಪು ಇವನೊಬ್ಬನದು. ಆದರೆ ಈ ಕೆಂಪು ಬುಡದ ಕೇಪಿನ ಮೇಲೆ ಅದನ್ನು ಸಿಡಿಸುವ ಮೊಳೆಯ ಏಟು ನಟ್ಟನಡುವೆ ಬಿದ್ದಿರಲಿಲ್ಲ. ಎಡಕ್ಕೆ ಜಾರಿ, ಅಂಚಿನ ಬಳಿ ಬಿದ್ದಿತ್ತು. ಹಾಗೆ ಹೊಡೆಯುವ ಕೋವಿ ಈ ಸೀಮೆಗೆ ಒಂದೇ. ಮಾವ ಯಾಲ್ಮರಿಯ ಹಳೇ ಸನ್ನೆ ಕೋವಿ. ಮಾವ ಸತ್ತ ಮೇಲೆ ಅದು ಮಗ ರೇನೊನಿಗೆ ಹೋಗಿತ್ತು.

ಅರ್ವಿದ್ ಸ್ಟೂಲಿನ ಮೇಲೆ ಕೂತ. ಕಳ್ಳ ಸಿಕ್ಕ ಎಂಬ ಸಂತೋಷಕ್ಕಿಂತ ಮೊದಲು ಅವನಿಗಾದದ್ದು ಅವಮಾನ. ತನ್ನ ಮನೆ, ತನ್ನ ನೆಲಮಾಳಿಗೆ, ತನ್ನ ಪೆಟ್ಟಿಗೆ. ಹೆಂಡತಿಯ ತಮ್ಮ ಕೈ ಹಾಕಿ ತೆಗೆದುಕೊಂಡು ಹೋಗಿದ್ದಾನೆ, ಸರಿ. ಆದರೆ ಖಾಲಿ ಚಿಪ್ಪನ್ನು ತಂದು ಡಬ್ಬಿಗೆ ವಾಪಸು ಹಾಕಿದವರು ಯಾರು? ರೇನೊ ಜನ್ಮದಲ್ಲಿ ಬಗ್ಗಿ ಒಂದು ಚಿಪ್ಪು ಹೆಕ್ಕಿದವನಲ್ಲ, ಹಿಮದಲ್ಲೇ ಬಿಟ್ಟು ಬರುವ ಧಾರಾಳಿ. ಹೆಕ್ಕುವ ಅಭ್ಯಾಸ ಇರುವುದು ಸೈಮಾಳಿಗೆ. ಸಣ್ಣ ಹುಡುಗಿಯಾಗಿದ್ದಾಗ ಅಪ್ಪನ ಹಿಂದೆ ಹೋಗಿ ಲಂಗದ ಮಡಿಲಿಗೆ ಬಿಸಿ ಚಿಪ್ಪು ತುಂಬಿಕೊಳ್ಳುತ್ತಿದ್ದೆ ಎಂದು ಮದುವೆಯಾದ ಹೊಸತರಲ್ಲಿ ಅವಳೇ ಹೇಳಿದ್ದಳು. ಹಾಗಾದರೆ ಅವಳಿಗೆ ಗೊತ್ತು. ಅಕ್ಕ ತಮ್ಮ ಇಬ್ಬರೂ ಸೇರಿ ಏನೋ ನಡೆಸಿದ್ದಾರೆ. ಅವನು ಕೌಂಟಿಯ ರಸ್ತೆ ಕೆಲಸದ ಗಾಡಿ ಓಡಿಸಿ ಸಂಜೆ ಮನೆಗೆ ಬಂದಾಗ ಸಿಂಕಿನಲ್ಲಿ ಎರಡು ಕಾಫಿ ಕಪ್ಪು ಇರುತ್ತಿದ್ದದ್ದು, ಅವನ ಬೂಟಿನ ಸದ್ದಿಗೆ ಅಡಿಗೆಮನೆಯ ಮಾತು ಕತ್ತರಿಸಿದಂತೆ ನಿಲ್ಲುತ್ತಿದ್ದದ್ದು, ವಾರದ ನಡುವೆ ಅವಳು ಜಾಕೆಟ್ಟು ಒಗೆದು ಒಣಗಿಸಿದ್ದು, ಎಲ್ಲ ಈಗ ಎದ್ದು ಬಂದು ಎದುರು ನಿಂತವು. ಹಿಂದೊಂದು ಶನಿವಾರ ಸೌನಾದ ಹಬೆಕೋಣೆಯಲ್ಲಿ, ಬಿಸಿ ಕಲ್ಲಿಗೆ ನೀರು ಎರಚಿ ಅವಳು ತಿರುಗಿದಾಗ, ಬಲ ಹೆಗಲಲ್ಲಿ ನೀಲಿಗಟ್ಟಿದ ಕಲೆ ಕಂಡಿತ್ತು. ಏನದು ಅಂದರೆ ಬಾಗಿಲು ಬಡೀತು ಅಂದಿದ್ದಳು. ಬಾಗಿಲು ಹೆಗಲಿಗೆ ಬಡಿಯುತ್ತದೆಯೇ? ಯಾರದೋ ಹೆಬ್ಬೆರಳು ಎಂದು ಆಗ ಅವನಿಗೆ ಅನ್ನಿಸಿತ್ತು, ಯಾರದೆಂದು ಹೆಸರು ಸಿಕ್ಕಿರಲಿಲ್ಲ, ಆಮೇಲೆ ಥೂ ಎಂದು ತನ್ನನ್ನೇ ಬೈದುಕೊಂಡು ಬೆನ್ನಿಗೆ ಇನ್ನೊಂದು ಚೊಂಬು ನೀರು ಸುರಿದುಕೊಂಡಿದ್ದ. ಈಗ ಬೇರೆಯದೇ ಒಂದು ಯೋಚನೆ ಬಂತು. ಉಬ್ಬಿ, ಸೀಳು ಬಿಡಲು ತಯಾರಾದ ಚಿಪ್ಪನ್ನು ತನ್ನ ಡಬ್ಬಿಗೆ ಯಾರಾದರೂ ಬೇಕೆಂದೇ ಹಾಕಿದ್ದರೆ? ತಾನು ನೋಡದೆ ಅದಕ್ಕೆ ಮದ್ದು ತುಂಬಿ, ತನ್ನ ಕೆನ್ನೆಯ ಪಕ್ಕದಲ್ಲೇ ಅದು ಒಡೆಯಲಿ ಎಂದು? ಇದು ಹುಚ್ಚು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಚಿಪ್ಪಿನ ಬುಡಕ್ಕೆ ಉಗುರು ಆಡಿಸಿ ಸೀಳು ಹುಡುಕಿದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಕಾಮಾಲೆಯವನಿಗೆ ಮಾತ್ರ ಅದು ಹಳದಿ ಎಂದು ಅನ್ನಿಸುವುದಿಲ್ಲ, ಲೋಕವೇ ಹಾಗಿದೆ ಎಂದುಕೊಂಡಿರುತ್ತಾನೆ.

ಮೇಲೆ ಅಡಿಗೆಮನೆಯಲ್ಲಿ ಸೈಮಾಳ ಹೆಜ್ಜೆ. ಒಲೆಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ. ಕಿಟಕಿಗೇಕೆ? ತಮ್ಮನ ಗಾಡಿ ಬಂತೇ ಎಂದು ನೋಡಲು. ನಾಳೆ ಕಳೆದು ನಾಡಿದ್ದು ಬೆಳಗ್ಗೆ ಜಿಂಕೆ ಬೇಟೆ ಶುರು. ಇವತ್ತು ಎಲ್ಲರೂ ತಮ್ಮ ತಮ್ಮ ಡಬ್ಬಿ ಒಯ್ಯುವ ದಿನ. ಹೆಸರು ಬರೆದ ಡಬ್ಬಿಗಳು ಹಲಗೆಯ ಮೇಲೆ ಸಾಲಾಗಿದ್ದವು. ಹೀಗೆ ಹಂಚುವುದರಲ್ಲಿ ಅವನಿಗೊಂದು ಹೆಮ್ಮೆ ಇತ್ತು, ಆ ಹೆಮ್ಮೆಯ ಕೆಳಗೆ ಒಂದು ಹಳೇ ಉರಿಯೂ ಇತ್ತು. ಮಾವನ ಕೋವಿ ತನಗೆ ಬರುತ್ತದೆ ಎಂದುಕೊಂಡಿದ್ದವನು ಅಂಗಡಿಯಿಂದ ಅಗ್ಗದ ಚಿಲಕದ ಕೋವಿ ತಂದಾಗ ಕ್ಯಾಂಪೇ ನಕ್ಕಿತ್ತು. ಮನೆಗೆ ಚಿಲಕ ಹಾಕೋದು ಕೇಳಿದೀವಿ ಮಾರಾಯ, ಕೋವಿಗೂ ಹಾಕಿಸ್ಕೊಂಡ್ಯಾ ಎಂದಿದ್ದ ರೇನೊ. ಅಂದಿನಿಂದ ಕ್ಯಾಂಪಿನಲ್ಲಿ ಅವನ ಹೆಸರೇ ಚಿಲಕ. ಇವನ ಗುಂಡು ಎಲ್ಲರದಕ್ಕಿಂತ ನೇರ ಹೋಗುತ್ತದೆ, ದೂರ ಹೋಗುತ್ತದೆ, ಆದರೆ ನಗುವುದು ಯಾರನ್ನು ನೋಡಿ ಎಂದರೆ ಇವನನ್ನೇ. ಒಂದೇ ಒಂದು ಸಲ ಆ ಮೇಜಿನ ನಗು ಇವನ ಕಡೆಗಿತ್ತು. ಹೋದ ವರ್ಷ ಡಬ್ಬಿ ಹಂಚುವಾಗ ಸೈಮಾ ತಟ್ಟೆ ಇಡುತ್ತ, ನನಗೂ ಒಂದು ಡಬ್ಬಿ ಮಾಡು ಅರ್ವಿದ್ ಎಂದಿದ್ದಳು. ಯಾಕೆ, ಆಲೂಗಡ್ಡೆ ಬೇಟೆಗಾ ಎಂದು ಇವನು ಕೇಳಿದ್ದ. ಗಂಡಸರು ಮೇಜು ಬಡಿದು ಬಡಿದು ನಕ್ಕಿದ್ದರು, ಒಬ್ಬನಿಗಂತೂ ಕಾಫಿ ನೆತ್ತಿಗೇರಿತ್ತು. ಅವಳು ತಟ್ಟೆಗಳನ್ನು ಒಂದರ ಮೇಲೊಂದಿಟ್ಟುಕೊಂಡು ಒಳಗೆ ಹೋಗಿದ್ದಳು. ಆ ಸಂಜೆಯನ್ನು ನೆನೆದರೆ ಇವನಿಗೆ ಈಗಲೂ ಖುಷಿಯಾಗುತ್ತದೆ.

ಆಗ ಅವನಿಗೆ ಆ ಉಪಾಯ ಹೊಳೆಯಿತು, ಹೊಳೆದ ಮೇಲೆ ಕೈ ನಿಲ್ಲಲಿಲ್ಲ. ಕಳ್ಳನನ್ನು ಬೈಯುವುದು ಯಾವ ಲೆಕ್ಕ, ಕಳ್ಳ ತಾನಾಗಿ ನಾಲ್ಕು ಜನರ ಮುಂದೆ ಬೆತ್ತಲಾಗಬೇಕು. ಮೂರು ಚಿಪ್ಪು ತೆಗೆದುಕೊಂಡ. ಕೇಪು ಕೂರಿಸಿದ, ಕೇಪಿಲ್ಲದಿದ್ದರೆ ಬುಡ ನೋಡಿದ ಕೂಡಲೇ ಗೊತ್ತಾಗುತ್ತದೆ. ತಕ್ಕಡಿಯ ಕಡೆ ಹೋಗಲಿಲ್ಲ. ಮದ್ದಿನ ಡಬ್ಬಿಯ ಮುಚ್ಚಳ ಮುಟ್ಟಲಿಲ್ಲ. ಖಾಲಿ ಹೊಟ್ಟೆಯ ಮೇಲೇ ಚೂಪು ಗುಂಡನ್ನಿಟ್ಟು ಅಚ್ಚು ಒತ್ತುವ ಪ್ರೆಸ್ಸಿನ ಹಿಡಿ ಇಳಿಸಿದ. ಮದ್ದಿಲ್ಲದ ತೋಟಾ ಹೊರಗಿನಿಂದ ಎಷ್ಟು ಚೆಂದ ಕಾಣುತ್ತದೆ! ಬುಡಕ್ಕೆ ಕೆಂಪು ಹಚ್ಚಿ, ಊದಿ ಆರಿಸಿ, ಮೂರನ್ನೂ ತನ್ನ ಡಬ್ಬಿಯ ಮೊದಲ ಸಾಲಿನಲ್ಲಿಟ್ಟ. ಬೆಳಗಿನ ಬೆಳಕಿನಲ್ಲಿ ಕೊಂಬಿನ ಗಂಡು ಜಿಂಕೆ ಎದುರು ನಿಂತಿದೆ, ರೇನೊ ಕೋವಿಯ ಕುದುರೆ ಒತ್ತುತ್ತಾನೆ, ಟುಸ್ ಅನ್ನುತ್ತದೆ. ಜಿಂಕೆ ಬಾಲ ಎತ್ತಿ ಹೋಗುತ್ತದೆ. ಆಮೇಲೆ ಮೇಜಿನ ಸುತ್ತ ಇವನು ಮೆಲ್ಲಗೆ ಕೇಳುತ್ತಾನೆ, ಯಾಕೋ ರೇನೊ, ಬುಡದಲ್ಲಿ ಯಾವ ಬಣ್ಣ ಇತ್ತೋ? ಇದನ್ನು ಬಾಯಿಬಿಟ್ಟೇ ಅಭ್ಯಾಸ ಮಾಡಿದ.

ರೇನೊ ಬಂದದ್ದು ಹತ್ತು ಗಂಟೆಯ ಕಾಫಿಗೆ. ಬೂಟಿನ ಹಿಮ ಒದರುವ ಮೊದಲೇ ಅವನ ಗಂಟಲು ಒಳಗೆ ಬಂತು.

"ಏನ್ ಭಾವ, ಚಿಲಕಕ್ಕೆ ಎಣ್ಣೆ ಬಿಟ್ಯಾ? ಹೋದ್ ವರ್ಷ ಅದರ ಕಿರಿಕಿರಿ ಕೇಳಿ ಜಿಂಕೆಗಳೆಲ್ಲ ಪಕ್ಕದ ಕೌಂಟಿಗೆ ಗುಳೆ ಹೋಗಿದ್ವು."

"ನಿನ್ನ ಬಾಯಿಗೆ ಮೊದಲು ಚಿಲಕ ಹಾಕು," ಎಂದಳು ಸೈಮಾ, ಏಲಕ್ಕಿ ಬ್ರೆಡ್ಡು ಕೊಯ್ಯುತ್ತ.

"ಹಾಕಿದ್ರೆ ನಿನ್ನ ಬ್ರೆಡ್ ಯಾರ್ ತಿನ್ತಾರೆ ಅಕ್ಕ? ನಿನ್ನ ಗಂಡ ಒಂದೊಂದು ಚೂರನ್ನೂ ತೂಕ ಮಾಡಿ ತಿನ್ನೋನು."

ಅಕ್ಕ ತಮ್ಮ ನಕ್ಕರು. ಅರ್ವಿದ್ ಸಕ್ಕರೆ ಕಲಕಿದ. ಕರಗಿದ ಮೇಲೂ ಕಲಕಿದ. "ನೆಲಮಾಳಿಗೆಗೆ ಯಾರೋ ಹೋಗಿ ಬರ್ತಿರೋ ಹಾಗಿದೆ," ಎಂದ, ಕಪ್ಪು ನೋಡುತ್ತ. "ನನ್ನ ಸಾಮಾನು ಜಾಗ ಬದಲಾಗಿರುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ರೇನೊ ಏನೂ ಮುಟ್ಟಿಕೊಳ್ಳಲಿಲ್ಲ, ಅವನ ಕೈ ಬ್ರೆಡ್ಡಿನ ಮೇಲೇ ಇತ್ತು. ಸೈಮಾಳ ಚಾಕು ಮಾತ್ರ ಅರೆಕ್ಷಣ ನಿಂತು ಮತ್ತೆ ಇಳಿಯಿತು.

"ಇಲಿ ಇರ್ಬೇಕು," ಎಂದಳು.

"ಇಲಿ ಆದ್ರೆ ಕಾಳು ತಿನ್ನುತ್ತೆ. ಹಿತ್ತಾಳೆ ತಿನ್ನಲ್ಲ."

"ಈ ಊರಿನ ಇಲಿ ಭಾವ, ಗಣಿಯಲ್ಲಿ ಕಬ್ಬಿಣ ತಿಂದು ಬೆಳೆದಿರ್ತವೆ," ಎಂದ ರೇನೊ. ಅಕ್ಕನ ಕಡೆ ಒಮ್ಮೆ ನೋಡಿದ. ಆ ನೋಟವನ್ನು ಅರ್ವಿದ್ ಹಿಡಿದುಕೊಂಡ, ಜೇಬಿಗೆ ಹಾಕಿಕೊಂಡಷ್ಟು ಭದ್ರವಾಗಿ. ಸೌದೆ ಒಡೆಯಬೇಕು ಎಂದು ಎದ್ದು ಹೊರಗೆ ಹೋದ. ಕೊಡಲಿ ಎತ್ತಿದ್ದು ಎರಡೇ ಸಲ. ಶೆಡ್ಡಿನ ಪಕ್ಕದಲ್ಲಿ ನಿಂತರೆ ನೆಲಮಾಳಿಗೆಯ ಗಿಡ್ಡ ಕಿಟಕಿ ಕಾಣುತ್ತದೆ. ಒಳಗೆ ಬಲ್ಬು ಹತ್ತಿತು. ರೇನೊನ ಕಾಲು ಬಂದವು, ಹಲಗೆಯ ಬಳಿ ನಿಂತವು, ಅವನ ಹೆಸರಿನ ಡಬ್ಬಿ ಅಲ್ಲೇ ಇತ್ತಲ್ಲ. ಆಮೇಲೆ ಸೈಮಾಳ ಕಾಲು. ಮೊಣಕಾಲಿನ ಮೇಲೆ ಏನು ನಡೆಯುತ್ತಿದೆ ಎಂದು ಕಾಣುತ್ತಿರಲಿಲ್ಲ. ತನ್ನದೇ ಮನೆಯ ಗೋಡೆಯ ಬುಡದಲ್ಲಿ ಹಿಮದ ಮೇಲೆ ಮಂಡಿಯೂರಿ, ಹೆಂಡತಿಯ ಕಾಲು ನೋಡುತ್ತಿರುವ ಐವತ್ತು ದಾಟಿದ ಗಂಡಸು. ಪಕ್ಕದ ಮನೆಯವರು ಕಂಡರೆ ಏನೆಂದಾರು ಎಂದು ನಾಚಿಕೆಯಾಯಿತು, ಆದರೂ ಏಳಲಿಲ್ಲ.

"ಚರ್ಚಲ್ಲಿ ಬೇಟೆಗಾರರ ಊಟಕ್ಕೆ ತರಕಾರಿ ಹೆಚ್ಬೇಕು, ರೇನೊ ಬಿಡ್ತಾನೆ," ಎಂದು ಸೈಮಾ ಕೂಗಿದಾಗ ಅವನು ಸೌದೆ ಜೋಡಿಸುತ್ತಿದ್ದ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಓಡಿಯೇ ಇಳಿದ. ಮೊದಲ ಸಾಲಿನ ಮೂರೂ ಇರಲಿಲ್ಲ. ಅಯ್ಯೋ, ಎಂಥ ಸಂತೋಷ! ಇಷ್ಟು ವರ್ಷ ಅವನು ಅನುಮಾನ ಪಟ್ಟದ್ದಕ್ಕೆಲ್ಲ ಒಮ್ಮೆಗೇ ರಸೀದಿ ಸಿಕ್ಕಂತಾಯಿತು. ಮೇಲೆ ಬಂದು ಉಳಿದ ಕಾಫಿ ಬಿಸಿ ಮಾಡಿಕೊಂಡ. ಮೇಜಿಗೆ ಕೂತು ಮತ್ತೆ ಆ ದೃಶ್ಯವನ್ನು ಮೊದಲಿನಿಂದ ಆಡಿಸಿದ. ಜಿಂಕೆ. ಕುದುರೆ. ಟುಸ್. ಆಮೇಲೆ ಜಿಂಕೆ ಬಾಲ ಎತ್ತುವ ಮೊದಲು, ರೇನೊ ಏನು ಮಾಡುತ್ತಾನೆ? ತಾನಾಗಿದ್ದರೆ ಚಿಲಕ ತೆಗೆದು, ನಿಧಾನಕ್ಕೆ ಚಿಪ್ಪು ನೋಡಿ, ನಳಿಗೆಯೊಳಗೆ ಇಣುಕುತ್ತಿದ್ದೆ. ರೇನೊ ಹಾಗೆ ಮಾಡುವುದಿಲ್ಲ, ಸನ್ನೆ ಕೋವಿಯ ಯಾರೂ ಮಾಡುವುದಿಲ್ಲ. ಭುಜದಿಂದ ಇಳಿಸದೆಯೇ ಸನ್ನೆ ಕೆಳಗೆ, ಮೇಲೆ, ಮತ್ತೆ ಈಡು. ಆ ಕೋವಿ ಇರುವುದೇ ಅದಕ್ಕೆ. ಅರ್ವಿದ್‌ನ ಕಪ್ಪು ಬಾಯಿಯ ಹತ್ತಿರವೇ ನಿಂತಿತು. ಮದ್ದಿಲ್ಲದಿದ್ದರೂ ಕೇಪು ಸಿಡಿಯುತ್ತದೆ. ಗುಂಡನ್ನು ಹೊರಗೆ ಕಳಿಸುವಷ್ಟು ಅಲ್ಲ, ನಳಿಗೆಯೊಳಗೆ ದಬ್ಬಿ ಅರ್ಧದಲ್ಲಿ ಸಿಕ್ಕಿಸುವಷ್ಟು. ಬೂಚು ಹಾಕಿದ ಆ ನಳಿಗೆಗೆ ಹಿಂದಿನಿಂದ ಮದ್ದು ತುಂಬಿದ ತೋಟಾ ಬಂದರೆ ಕೋವಿ ಸೀಳುತ್ತದೆ, ಹಿಡಿದ ಕೈ, ಒರಗಿಸಿದ ಕೆನ್ನೆ, ಕಣ್ಣು. ಹೊಸಬರಿಗೆ ಅವನು ಮೊದಲ ಪಾಠವೇ ಇದನ್ನು ಹೇಳಿಕೊಡುತ್ತಿದ್ದ. ಬೆಳಗ್ಗೆ ಕೆಂಪು ಹಚ್ಚಿ ಊದುವಾಗ ಇದು ಎಲ್ಲಿ ಹೋಗಿತ್ತು?

ಎದ್ದು ಓಡಬೇಕಿತ್ತು. ಓಡಲಿಲ್ಲ. ಬೇಟೆ ಇರುವುದು ನಾಡಿದ್ದು, ನಾಳೆ ಹೇಗೋ ಹೇಳಿದರಾಯಿತು, ಎಂದುಕೊಂಡ. ಹೇಳುವುದಾದರೆ ಹೇಗೆ ಹೇಳುವುದು, ಇಟ್ಟವನು ನಾನೇ ಎಂದೇ? ಕದಿಯಲು ಅವನಿಗೆ ಹೇಳಿದವರಾರು, ಎಂದೂ ಅನ್ನಿಸಿತು, ಮಾಡಿದ್ದುಣ್ಣೋ ಮಹಾರಾಯ. ಆ ಗಾದೆ ನಾಲಗೆಗೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೆದರಿಕೆಯಾಯಿತು. ಕಾಫಿ ಮುಗಿಸಿದ. ಕಪ್ಪು ತೊಳೆದು ಬೋರಲು ಹಾಕಿದ. ಸೀಳಿದ ಕೋವಿಯ ಪಕ್ಕದಲ್ಲಿ ರೇನೊ ಬಿದ್ದಿರುವುದನ್ನು ಮನಸ್ಸು ಬಿಡಿಸಿ ಬಿಡಿಸಿ ತೋರಿಸುತ್ತಿತ್ತು, ಅದನ್ನು ನೋಡಲು ತನ್ನೊಳಗೆ ಯಾರೋ ಒಬ್ಬ ಕುರ್ಚಿ ಎಳೆದುಕೊಂಡು ಕೂತಿರುವುದೂ ಅವನಿಗೆ ಗೊತ್ತಾಗುತ್ತಿತ್ತು. ಆಗ ಇದ್ದಕ್ಕಿದ್ದಂತೆ ನೆನಪಾಯಿತು. ಬೇಟೆಗೆ ಮೊದಲ ಶನಿವಾರ ಇಡೀ ಸೀಮೆಯೇ ಕೋವಿಯ ಗುರಿ ಸರಿ ನೋಡಿಕೊಳ್ಳಲು ಒಂದಲ್ಲ ಒಂದು ಬಯಲಿಗೆ ಹೋಗುತ್ತದೆ, ರೇನೊ ಹೋಗುವುದು ಜಲ್ಲಿ ಗುಂಡಿಗೆ. ಅದು ಇವತ್ತು.

ಚರ್ಚಿನ ಅಂಗಳದಲ್ಲಿ ರೇನೊನ ಗಾಡಿ ಇರಲಿಲ್ಲ. ತರಕಾರಿ ಹೆಚ್ಚುವ ಹೆಂಗಸರು ಕಿಟಕಿಯಲ್ಲಿ ಕಂಡರು, ಅವರಲ್ಲಿ ಸೈಮಾ ಇರಲಿಲ್ಲ. ಸುಳ್ಳು ಹೇಳಿದ್ದಾಳೆ ಎಂದು ಅನುಮಾನ ಅಂಥ ಹೊತ್ತಿನಲ್ಲೂ ಕಿವಿಯಲ್ಲಿ ಊದಿತು, ಅವನು ಅದಕ್ಕೆ ಬೈದ. ಜಲ್ಲಿ ಗುಂಡಿಯ ದಾರಿಯಲ್ಲಿ ಹಿಮದ ಮೇಲೆ ಒಂದೇ ಗಾಡಿಯ ಗುರುತು. ತಿರುವಿನಲ್ಲಿ ಇಂಜಿನ್ ನಿಲ್ಲಿಸಿ, ಗಾಜು ಇಳಿಸಿ ಕೇಳಿದ. ಏನೂ ಇಲ್ಲ. ಇನ್ನೂ ಹೊಡೆದಿಲ್ಲವೋ, ಹೊಡೆದು ಆಯಿತೋ? ದೇವರೇ, ಒಂದು ಸಲ ಸರಿಯಾಗಿ ಢಂ ಅನ್ನಲಿ, ಎಂದು ಬೇಡಿಕೊಂಡ. ಏನೂ ಅನ್ನಲಿಲ್ಲ. ಗಾಜು ಏರಿಸದೆಯೇ ಇಂಜಿನ್ ಹತ್ತಿಸಿದ.

ಗುಂಡಿಯ ಅಂಚಿನಲ್ಲಿ ರೇನೊ ಗಾಡಿಗೆ ಒರಗಿ ನಿಂತಿದ್ದ, ಬರಿಗೈಯಲ್ಲಿ. ಕೋವಿ ಇದ್ದದ್ದು ಸೈಮಾಳ ಬಳಿ. ಸನ್ನೆ ಬಿಚ್ಚಿಟ್ಟು, ಹಿಂದಿನಿಂದ ತೆಳ್ಳನೆಯ ಬರ್ಚ್ ಮರದ ಕಡ್ಡಿಯೊಂದನ್ನು ನಳಿಗೆಯೊಳಗೆ ಬಿಟ್ಟು, ಎಷ್ಟು ದೂರ ಹೋಗುತ್ತದೆ ಎಂದು ನೋಡುತ್ತಿದ್ದಳು. ಅವಳ ಬಲ ಹೆಗಲಿಗೆ ಮಡಿಚಿದ ಟವೆಲು ಕಟ್ಟಿತ್ತು. ಗಾಡಿಯ ಬಾನೆಟ್ಟಿನ ಮೇಲೆ ಒಂದು ಖಾಲಿ ಚಿಪ್ಪು, ಎರಡು ಇಡೀ ತೋಟಾ, ಮೂರರ ಬುಡವೂ ಕೆಂಪು. ಅರ್ವಿದ್ ಮೊದಲು ಸೈಮಾಳನ್ನೇ ನೋಡಿದ. ಮುಖ ಇದೆ, ಎರಡು ಕಣ್ಣೂ ಇವೆ, ಹತ್ತು ಬೆರಳೂ ಇವೆ. ಹೋಗಿ ಆ ಮುಖವನ್ನು ಹಿಡಿದುಕೊಳ್ಳಬೇಕು ಎನಿಸಿತು, ಅಷ್ಟರಲ್ಲಿ ಅವಳು ತಲೆಯೆತ್ತಿದಳು.

"ಬಂದ್ಯಾ," ಎಂದಳು. "ಹೋದ ಬೇಸಿಗೆಯಿಂದ ನಿನ್ನ ತೋಟಾ ಕದ್ದು ಹೊಡೀತಿದ್ದೆ. ಕೇಳಿದ್ರೆ ಕೊಡಲ್ಲ ಅಂತ ಗೊತ್ತಿತ್ತು. ಕೊಳವೆಗೆ ತುಂಬಿಲ್ಲ, ಒಂದೊಂದೇ ಬಾಯಿಗೆ ಹಾಕಿ ಹೊಡೆದದ್ದು. ಅಪ್ಪ ಹೇಳಿಕೊಟ್ಟಿದ್ದ."

"ನನ್ನ ಗುರಿ ನೋಡೋ ಕಣ್ಣು ಮಂಜಾಗಿದೆ ಭಾವ," ಎಂದ ರೇನೊ. "ಅದಕ್ಕೇ ಅಪ್ಪನ ಕೋವಿ ಅಕ್ಕನಿಗೇ ಕೊಟ್ಬಿಟ್ಟೆ. ಸೋಮವಾರ ಬೆಳಗ್ಗೆ ನಿಮ್ಮೆಲ್ಲರ ಮುಂದೆ ಹೆಗಲಿಗೆ ಹಾಕ್ಕೊಂಡು ಬರ್ತೀನಿ ಅಂತಿದ್ಲು."

ಅರ್ವಿದ್ ಬಾಯಿ ತೆರೆದ. "ಅದು... ಮದ್ದು ಹಾಕೋದು ಮರೆತೆ ಸೈಮಾ. ಗಡಿಬಿಡಿಯಲ್ಲಿ..."

"ಟುಸ್ ಅಂತು. ಹೆಗಲಿಗೆ ಒದೀಲಿಲ್ಲ. ಇನ್ನೊಂದು ಹಾಕು ಅಕ್ಕ, ಕೆಟ್ಟ ಕೇಪು ಅಂದ ಇವನು. ಹಾಕಿದ್ದಿದ್ರೆ?" ಸೈಮಾ ಒಂದು ತೋಟಾ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು, ಕೆಳಗಿಟ್ಟು ಇನ್ನೊಂದನ್ನು ಅಲ್ಲಾಡಿಸಿದಳು. "ಇದೂ ಖಾಲಿ. ಇದೂ ಖಾಲಿ. ಮರೆವು ಹೀಗೆ ಸಾಲಾಗಿ ಕೂರಲ್ಲ ಅರ್ವಿದ್. ಉಪ್ಪನ್ನೂ ತೂಕ ಮಾಡಿ ಹಾಕೋನು ನೀನು."

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಅವನು ಹೇಗೋ ಎದುರು ನಿಲ್ಲುತ್ತಿದ್ದ. ಅವಳು ನಿಜವಾಗಿಯೂ ತಿಳಿದುಕೊಳ್ಳಬೇಕು ಎಂದು ಅವನ ಮುಖ ನೋಡುತ್ತಿದ್ದಳು, ಅದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಅವಳು ತನ್ನ ಬಗ್ಗೆ ಏನೆಂದುಕೊಳ್ಳುತ್ತಿದ್ದಾಳೋ ಅದಂತೂ ಸುಳ್ಳು, ಅವಳಿಗೆ ಕೇಡು ಬಯಸಿದವನಲ್ಲ ತಾನು, ಇಷ್ಟನ್ನಾದರೂ ಅವಳು ನಂಬಬೇಕು.

"ನೀನು ಅಂತ ನನಗೆ ಗೊತ್ತಿರಲಿಲ್ಲ ಸೈಮಾ," ಎಂದ. "ದೇವರಾಣೆ, ನೀನು ಅಂತ ಗೊತ್ತಿರಲಿಲ್ಲ."

ರೇನೊ ಗಾಡಿಗೆ ಒರಗಿದ್ದವನು ನೆಟ್ಟಗೆ ನಿಂತ. ತಾನು ಕೇಳಿದ್ದು ಸರಿಯೇ ಎಂದು ಒಮ್ಮೆ ಅಕ್ಕನನ್ನು ನೋಡಿದ, ಆಮೇಲೆ ಇವನನ್ನು.

"ಭಾವ," ಎಂದ, ಬಹಳ ಮೆಲ್ಲಗೆ, "ನಾನಾಗಿದ್ರೆ ಪರವಾಗಿರಲಿಲ್ವಾ?"

ಸೈಮಾ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ತಮ್ಮನ ಗಾಡಿಯಲ್ಲಿ ಮಲಗಿಸಿದಳು, ಅವನ ಪಕ್ಕದ ಸೀಟಿನಲ್ಲಿ ಹತ್ತಿ ಕೂತು ಬಾಗಿಲು ಹಾಕಿಕೊಂಡಳು.